ಕ್ಯಾಲೆಂಡರಿನ ಹಿಂದೆ

ತಲೆ ನೋಡಿಯೇ ಊರನ್ನು ಬಲ್ಲವಳು ನಾನು,
ಯಾಯಿಜು ಬಂದರಿನ ಹಿಂಬೀದಿಯ ಕ್ಷೌರದವಳು.
ಮಸುಜಾವಾ ತೊಮೊನರಿಯ ನೆತ್ತಿಯಲ್ಲಿ ಎರಡು ಸುಳಿ.
ಕುರ್ಚಿಯ ಕೈಗಳ ಮೇಲೆ ಹಲಗೆಯಿಟ್ಟು ಕೂರಿಸಿದರೆ
ತಲೆ ಕಲ್ಲು, ಕಾಲು ಮಾತ್ರ ನಿಲ್ಲದು.
ನೊರೆಯ ಬಟ್ಟಲು ಮೂರು ಸಲ ಒಡೆದ.
ಅಪ್ಪ, ಕತ್ಸುವೊ ಮೀನಿನ ದೋಣಿಯವ, ಮೂರು ಸಲವೂ
ಮೀನು ತಂದುಕೊಟ್ಟು ಬಾಗಿ ನಿಂತ.

ಹತ್ತೊಂಬತ್ತಕ್ಕೆ ದೇಶದ ನೀಲಿ ಅಂಗಿ.
ಆಮೇಲೆ ಬೆಲ್ಜಿಯಂ. ಅಲ್ಲಿನ ಯಾವುದೋ ಊರಿನ ಹೆಸರು
ಮೀನಿನ ಹರಾಜು ಕೂಗುವವನ ಬಾಯಲ್ಲೂ ಹೊರಳಿತು.
ಕನ್ನಡಿಯ ಮೇಲೆ ಅವನ ಪಟ ಹಾಕಿದೆ:
ಹುಲ್ಲು, ಎತ್ತಿದ ಎಡಗಾಲು, ಅದರ ಕೆಳಗೆ ಕಪ್ಪು ಶಾಯಿಯ ರುಜು.
ಹುಡುಗರು ಸಾಲುಗಟ್ಟಿದರು,
"ತೊಮೊನರಿಯ ಹಾಗೆ, ತಾಮ್ರದ ಬಣ್ಣ."
ಹೊಸವರ್ಷಕ್ಕೆ ಬಂದಾಗ ಕತ್ತರಿಸಿದ ಅವನ ಕೂದಲನ್ನು
ಹುಡುಗಿಯೊಬ್ಬಳು ಲಕೋಟೆ ಹಿಡಿದು ಬೇಡಿದಳು.
ಗುಡಿಸಿ ಕೊಟ್ಟೆ. ಅರ್ಧ ಅವನದು,
ಅರ್ಧ ಅಂಚೆಯ ಒನೊದೆರಾನದು. ಹೇಳಲಿಲ್ಲ.

ಆಮೇಲೆ ಆ ಪೆನಾಲ್ಟಿ.
ಚೆಂಡು ಅಡ್ಡಪಟ್ಟಿಯ ಮೇಲೆ ಹೋಯಿತು,
ಹೋಗುತ್ತಲೇ ಇತ್ತು
ಬೆಳಗಿನ ಸುದ್ದಿಯಲ್ಲಿ, ಮಧ್ಯಾಹ್ನ, ಮತ್ತೆ ರಾತ್ರಿ.
ಮರುದಿನ ಗಡ್ಡಕ್ಕೆ ಬಂದವನು ಕತ್ತೆತ್ತಿ
"ಇನ್ನೂ ಇದೆಯಾ ಅದು?" ಎಂದ.
ಕೈಯಲ್ಲಿ ಕತ್ತಿಯಿತ್ತು; ಸುಮ್ಮನಿದ್ದೆ.
ಪಟ ತೆಗೆಯಲಿಲ್ಲ. ಅಷ್ಟು ಕೆಟ್ಟವಳಲ್ಲ.
ಅದರ ಮೇಲೆ ಬ್ಯಾಂಕಿನ ಕ್ಯಾಲೆಂಡರು ತೂಗುಹಾಕಿದೆ.
ಅಷ್ಟು ಒಳ್ಳೆಯವಳೂ ಅಲ್ಲ.
ತಿಂಗಳುಗಳ ಕೆಳಗೆ ಬೂಟಿನ ತುದಿ, ರುಜು ಇಣುಕುತ್ತಿದ್ದವು.
ಕಾಲ ಎಲ್ಲವನ್ನೂ ಮುಚ್ಚಿತು, ಕಾಲೊಂದನ್ನು ಬಿಟ್ಟು.

ಮಂಡಿ ಹೋಯಿತು. ಕಾಫಿ ಅಂಗಡಿ ತೆರೆದ, ಮುಚ್ಚಿದ.
ಅವನ ಮುಖವಿದ್ದ ಪಾನೀಯದ ಡಬ್ಬಿಗಳನ್ನು
ಅರ್ಧ ಬೆಲೆಗೂ ಯಾರೂ ಮುಟ್ಟಲಿಲ್ಲ.
ಒಂದು ನಡುರಾತ್ರಿ ಟಿವಿಯಲ್ಲಿ, ಸಾಮಾನು ಮಾರುವವರ ನಡುವೆ ಕಂಡ:
ಐದು ಬೆರಳಿನ ಕಾಲುಚೀಲ ತೊಟ್ಟು
ಒದ್ದೆ ಹಲಗೆಯ ಮೇಲೆ
ಜಾರದೆ ನಿಂತು ತೋರಿಸುತ್ತಿದ್ದ.
ಬೂಟಿನಿಂದ ಕಾಲುಚೀಲಕ್ಕಿಳಿದ ಎಂದು
ಊರು ನಕ್ಕಿತು. ನಾನೂ.

ದೋಣಿಯವರು ನಗಲಿಲ್ಲ, ಕೊಂಡರು.
ಮೀನಿನ ರಕ್ತ, ಉಪ್ಪುನೀರು, ಓಲಾಡುವ ಹಲಗೆ.
ಅವನಪ್ಪ ಜಾರಿ ಬಿದ್ದದ್ದು ಅಂಥಲ್ಲೇ;
ಅದನ್ನವನು ಟಿವಿಯಲ್ಲಿ ಹೇಳಿರಲಿಲ್ಲ.
ಬೀಗ ಬಿದ್ದಿದ್ದ ಒಣಮೀನಿನ ಕಾರ್ಖಾನೆಯಲ್ಲೀಗ ಹೆಣಿಗೆ ಯಂತ್ರಗಳು,
ಬೆರಳು ಹೊಲಿಯಲು ನನ್ನ ನಾದಿನಿ ಸೇರಿ ಮೂವತ್ತೊಂದು ಹೆಂಗಸರು.

ಏಪ್ರಿಲ್ ಹಾಳೆ ಹರಿಯುವಾಗ ಮೊಳೆ ಸಡಿಲಿ ಕ್ಯಾಲೆಂಡರು ಬಿತ್ತು.
ಹಲಗೆಯ ಮೇಲಿನ ಹುಡುಗ ಕೇಳಿದ,
"ಕಾಲುಚೀಲದ ಮಾಮ ಯಾಕೆ ಹುಲ್ಲಲ್ಲಿ ನಿಂತಿದ್ದಾರೆ?"
ಚೆಂಡಾಡುತ್ತಿದ್ದರು, ಎಂದೆ.
"ಚೆನ್ನಾಗಿ?"
ಕತ್ತರಿ ನಿಲ್ಲಿಸಿ ಯೋಚಿಸಿದೆ.
ಹೌದು, ಎಂದೆ.

ಕಳೆದ ವಾರ ಅವನೇ ಬಂದ.
ಎರಡು ಸುಳಿಯಿದ್ದಲ್ಲಿ ಈಗ ಬಯಲು.
"ಎಂದಿನಂತೆ," ಎಂದ.
ಯಾವ ಎಂದಿನಂತೆ? ಕೇಳಿದೆ.
ಕನ್ನಡಿಯಲ್ಲಿ ಇಬ್ಬರೂ ಸ್ವಲ್ಪ ನಕ್ಕೆವು.
ರುಜು ಬಿಸಿಲಿಗೆ ಮಾಸಿ ಬರಿಯ ಕಾಗದವಾಗಿತ್ತು.
ಪೆನ್ನು ಕೊಡಲೇ ಎಂದರೆ
"ಇರಲಿ ಬಿಡಿ."

ಹೋಗುವಾಗ ದುಡ್ಡಿನ ಜೊತೆಗೆ ಒಂದು ಜೊತೆ ಇಟ್ಟ.
ಅಳತೆ ಕೇಳಲಿಲ್ಲ, ನನ್ನ ಕಾಲನ್ನೊಮ್ಮೆ ನೋಡಿದ, ಅಷ್ಟೆ.
ನಲವತ್ತೆರಡು ವರ್ಷ ಈ ಕುರ್ಚಿಯ ಹಿಂದೆ ನಿಂತ ಕಾಲು.
ಬಂದವರೆಲ್ಲ ಕನ್ನಡಿಯಲ್ಲಿ ತಮ್ಮನ್ನು ನೋಡಿಕೊಂಡು ಹೋದವರು.

ಬಾಗಿಲು ಹಾಕಿ ತೊಟ್ಟು ನೋಡಿದೆ.
ಸರಿಯಾಗಿತ್ತು.
ಕಿರುಬೆರಳಿಗೂ ಒಂದು ಕೋಣೆ.