ನಿಶಾನೆ ಪಿ-೯

ಪಗಾರದ ಚೀಟಿ ಐತೇನ್ರಿ ಅಂತ ಕೇಳಿದೆ.
ಬುಡ್ನೇಸಾಬ ನದಾಫ ಎಡಗೈಲೆ ಅರಿವಿ ಚೀಲ ಬಿಚ್ಚಿ
ಮೇಜಿನ ಮ್ಯಾಲೆ ಸುರುವಿದ:
ಲಗ್ನಪತ್ರಿಕೆ. ಕೆಂಪು, ಹಸರು,
ಅರಿಷಿಣ ಹಚ್ಚಿದ ಮೂಲಿ, ಜರಿ ಉದುರಿದ ಚಂದ್ರ.
ಹನ್ನೊಂದು ವರ್ಷದ ವರಾ, ವಧು, ಮಾವಂದಿರು
ನನ್ನ ಫೈಲಿನ ಮ್ಯಾಲೆ ಬಿದ್ರು.
"ಇವೆಲ್ಲಾದರಾಗೂ ನಾ ಕ್ಲಾರಿನೆಟ್ ಊದೇನ್ರಿ ಬಾಯಾರ.
ಇದ ನನ್ನ ಪಗಾರ."

ಕಾನೂನು ಸೇವಾ ಸಮಿತಿಯ ಖೋಲಿ.
ಎರಡು ಖುರ್ಚಿ, ಒಂದು ಫ್ಯಾನು,
ಬಾಗಿಲ ಮ್ಯಾಲಿನ ‘ಉಚಿತ’ದಾಗ
ನಡುವಿನ ಅಕ್ಷರ ಅಳಿಸಿ ಹೋಗಿ ಯಾವ ಕಾಲಾತೋ.
ನೂರಾ ನಲವತ್ತೆರಡು ಎಣಿಸಿದೆ. ದಾರ ಕಟ್ಟಿದೆ.

ಕೇಶ್ವಾಪುರದಾಗ ಮೆರವಣಿಗಿ ಮುಗಿದಾಗ
ರಾತ್ರಿ ಹನ್ನೆರಡೂವರಿ.
ಆಟೋದವರು ಇನ್ನೂರು ಕೇಳಿದ್ರಂತ,
ಮೊಬೈಲಿನಾಗ ಬೈಕು ನಲವತ್ತೆಂಟು.
ವಾದ್ಯದ ಪೆಟ್ಟಿಗಿ ಎದಿಗವಚಿಕೊಂಡು ಹಿಂದ ಕುಂತ.
ಬಂಕಾಪುರ ಚೌಕದ ಹತ್ತಿರ, ಪೈಪಿಗೆ ಅಗದ ತೆಗ್ಗು.
ಪೆಟ್ಟಿಗಿ ಉಳೀತು.
ಬಲಗೈ ಅದರ ಕೆಳಗಿತ್ತು.

ಕಿಮ್ಸಿನ ವರಾಂಡದಾಗ, ಸಲೈನ್ ಹಚ್ಚೋಕಿಂತ ಮೊದಲ
ಫೋನು ಟಿಂಗ್ ಅಂತು:
‘ನಿಮ್ಮ ಪ್ರಯಾಣ ಹೇಗಿತ್ತು? ನಕ್ಷತ್ರ ಕೊಡಿ.’
"ಐದು ಕೊಟ್ಟೇನ್ರಿ. ಪಾಪ, ಆ ಹುಡುಗ
ತನ್ನ ಮೊಣಕಾಲು ಒಡದಿದ್ರೂ
ನನ್ನ ಹೊತ್ತು ತಂದಿದ್ದ."
ಆ ಐದು ನಕ್ಷತ್ರದ ಪ್ರಿಂಟು ತಗದು
ಕಂಪನಿಯವರು ಕೋರ್ಟಿಗೆ ಹಾಕ್ಯಾರ ಈಗ:
ನೋಡ್ರಿ, ತಪ್ಪಿಲ್ಲಂತ ಅರ್ಜಿದಾರನ ಹೇಳ್ಯಾನ.

ಹುಡುಗ ಲಕ್ಷ್ಮೇಶ್ವರದಾಂವ, ಫಕ್ಕೀರೇಶ.
ಮೊದಲನೇ ಎದುರುದಾರ.
"ಅವನ ಹೆಸರು ಬ್ಯಾಡ್ರಿ" ಅಂತ ಮೂರು ಸಲ
ಅರ್ಜಿ ಬಿಟ್ಟು ಎದ್ದು ಹೋಗಿದ್ದ ಬುಡ್ನೇಸಾಬ.
ಹೆಸರು ಬೇಕು, ಸಿಟ್ಟು ಬ್ಯಾಡ ಅಂದೆ;
ಗಾಡಿ ಹೊಡದವನ ಬಿಟ್ರ ವಿಮಾದ ಬಾಗಿಲು ತೆರಿಯೂದಿಲ್ಲ.
ತೆರದ್ರೂ ಒಳಗ ಒಬ್ಬರು ಕುಂತಾರ:
ಬಿಳಿ ನಂಬರ್ ಪ್ಲೇಟು, ಬಾಡಿಗಿಗೆ ಓಡಿಸಿದ್ದು ಕರಾರು ಭಂಗ.
ಕಂಪನಿಯವರದು ಇನ್ನೂ ಸಣ್ಣ ಅಕ್ಷರ:
‘ನಾವು ಸಾರಿಗೆಯವರಲ್ಲ, ಕೇವಲ ಪರಿಚಯ ಮಾಡಿಸುವವರು.’
ಓದಿ ಹೇಳಿದೆ. ಮೊದಲ ಸಲ ನಕ್ಕ.
"ಲಗ್ನಾ ಜೋಡಸೋ ದಲಾಲಿನೂ
ಹೋಳಿಗಿ ಉಂಡಮ್ಯಾಲೆ
ನಾಕು ಮಾತು ಬೈಸಿಕೊಳ್ಳಾಕರೆ ಸಿಗತಾನಲ್ರಿ."

ಡಾಕ್ಟರು ಬರದಿದ್ದು: ಬಲಗೈ ಉಂಗುರಬೆರಳು, ಕಿರಿಬೆರಳು
ಮಡಚುವುದಿಲ್ಲ. ಪೂರ್ಣ ದೇಹಕ್ಕೆ ಶೇಕಡಾ ಏಳು.
ಏಳು.
ಗಲ್ಲಾದ ಮ್ಯಾಲೆ ಕುಂತಾಂವಗ ಏಳ ಇರಬಹುದು.
ಆ ಎರಡು ತೂತಿನಾಗಿಂದ ಸೋರಿ ಹೋಗೋ
ಉಸಿರಿಗೆ ಎಷ್ಟು ಹಿಡೀಬೇಕು?

ಪಾಟೀಸವಾಲಿನ ದಿನ ಎದುರಿನ ವಕೀಲರು
(ವಯಸ್ಸಾದವರು, ಕೆಟ್ಟವರೇನಲ್ಲ)
"ಎಂಟು ಬೆರಳು ಚಲೋ ಅದಾವಲ್ಲ, ನುಡಿಸಿ ತೋರಿಸ್ರಿ" ಅಂದ್ರು.
ಕಟಕಟೆಯಾಗ ನಿಂತ ಪೆಟ್ಟಿಗಿ ತಗದ.
"ಹುಡುಗಿ ತವರಮನಿ ಬಿಡೋ ಹೊತ್ತಿಗೆ ಊದತೇವಲ್ರಿ, ಅದು."
ಮ್ಯಾಲಿನ ಸ್ವರ ಸೀದಾ ಬಂದ್ವು.
ಕೆಳಗ ಇಳಿಯೂ ಮುಂದ ಬರೇ ಗಾಳಿ,
ಉಬ್ಬಸದ ಮುದುಕ ಅಟ್ಟ ಇಳಿದಂಗ
ಒಂದೊಂದ ಮೆಟ್ಟಲಿಗೆ ನಿಂತು.
ಟೈಪು ಮಾಡೋ ಹುಡುಗಿ ಕೈ ಎತ್ತಿ ಹಿಡದು
"ಇದನ್ನ ಹ್ಯಾಂಗ ಬರಕೋಬೇಕ್ರಿ ಸರ್" ಅಂದಳು.
ನ್ಯಾಯಾಧೀಶರು ಕಿಟಕಿ ಕಡೆ ನೋಡಿ,
ತಡದು, ಬರಸಿದರು:
‘ಸಾಕ್ಷಿದಾರನು ನುಡಿಸಲು ಪ್ರಯತ್ನಿಸಿದನು.’

ಹೊರಗ ಬೆಂಚಿನ ಮ್ಯಾಲೆ ಫಕ್ಕೀರೇಶ.
ಅವಂಗ ಅರ್ಧ ಚಹಾ ಬಸದು ಕೊಟ್ಟು
ಬುಡ್ನೇಸಾಬ ನನ್ನ ಹತ್ರ ಬಂದ, ದನಿ ಇಳಿಸಿ:
"ಪಿ-೯ರಾಗ ಒಂದು ಗುಲಾಬಿ ಪತ್ರಿಕೆ ಐತ್ರಿ.
ನನ್ನ ಮಗಳ ನಿಕಾದ್ದು. ಹ್ಯಾಂಗೋ ಸೇರೇತಿ.
ಅವತ್ತು ನಾ ಊದಿಲ್ರಿ, ಸುಮ್ನ ನಿಂತಿದ್ದೆ.
ಸುಳ್ಳ ಸಾಕ್ಷಿ ಆಗತೈತಿ, ತಗೀರಿ."
ಒಮ್ಮೆ ನಿಶಾನೆ ಆದದ್ದು ಹಂಗ ಹೊರಗ ಬರೂದಿಲ್ಲ ಅಂದೆ.
"ಹಂಗಾರ ಅದರ ರೊಕ್ಕ
ಲೆಕ್ಕದಾಗ ಹಿಡೀಬ್ಯಾಡ್ರಿ."

ನೂರಾ ನಲವತ್ತೆರಡನ್ನ
ನೂರಾ ನಲವತ್ತೊಂದು ಅಂತ ತಿದ್ದಿ ಸಹಿ ಮಾಡಿದೆ.
ಮುಂದಿನ ತಾರೀಖು ಹದಿನಾರು.