ಕೊಸರು

ಮಾರ್ಚಿನ ಇಳಿತ. ಗೊಟೊ ದ್ವೀಪದ ಕರಿಬಂಡೆಗಳ ಮೇಲೆ
ಅಮ್ಮ ಹಿಜಿಕಿ ಪಾಚಿ ಕೊಯ್ಯುತ್ತಾಳೆ,
ಸೊಂಟಕ್ಕೆ ಕಟ್ಟಿದ ಬಲೆಚೀಲದಿಂದ ಸಮುದ್ರ ತೊಟ್ಟಿಕ್ಕುತ್ತದೆ.
ಕಬ್ಬಿಣದ ಪೀಪಾಯಿಯಲ್ಲಿ ನಾಲ್ಕು ಗಂಟೆ ಬೆಂದರೆ
ಕಂದು ಕಪ್ಪಾಗುತ್ತದೆ, ನೀರಿಗೆ ಲೋಳೆ ಇಳಿಯುತ್ತದೆ.
ಆ ಲೋಳೆಯೊಳಗಿನ ಸಕ್ಕರೆಗೆ ಫ್ಯೂಕೋಸ್ ಎಂಬ ಹೆಸರಿದೆಯೆಂದು
ತಿಳಿಯಲು ನಾನು ಹಡಗು ಹತ್ತಿ ಫುಕುವೊಕಾಗೆ ಹೋಗಬೇಕಾಯಿತು.

ಈಗ ನನ್ನ ಸಂಬಳ ಅದನ್ನು ಇಲ್ಲವಾಗಿಸುವುದಕ್ಕೆ.

ಪ್ರತಿಕಾಯ ಎಂದರೆ ಎರಡು ಕೈ ಚಾಚಿದ ಒಂದು ಪ್ರೋಟೀನು.
ಕೈಗಳು ಕೆಟ್ಟ ಕೋಶವನ್ನು ಹಿಡಿಯುತ್ತವೆ;
ಕಾಲು ಕಾವಲಿನವನನ್ನು ಕರೆಯಬೇಕು: ಬಾ, ಇವನೇ.
ಸೊಂಟದ ಕೆಳಗಿನ ಮಡಿಕೆಯಲ್ಲಿ ಸಕ್ಕರೆಯ ಪುಟ್ಟ ಟೊಂಗೆ,
ಟೊಂಗೆಯ ಬುಡದಲ್ಲಿ
ಸಂತೆಯವಳು ಅಳತೆ ಮುಗಿದ ಮೇಲೆ ಎಸೆಯುವ ಕೊಸರಿನಂತೆ
ಒಂದೇ ಒಂದು ಫ್ಯೂಕೋಸ್.
ಕಾವಲಿನವನ ಕೈ ಬರುತ್ತದೆ, ಅದಕ್ಕೆ ತಾಗುತ್ತದೆ,
ಜಾರುತ್ತದೆ.
ಕೊಸರು ತೆಗೆದರೆ ಉಡದ ಪಟ್ಟು.

ಹ್ಯಾಮ್‌ಸ್ಟರ್ ಅಂಡಾಶಯದ ಕೋಶಗಳಿಂದ
ಆ ಒಂದು ಜೀನನ್ನು ಅಳಿಸಿದೆವು.
ಟ್ಯಾಂಕಿನ ಬೆಚ್ಚನೆಯ ಸಾರಿನಲ್ಲಿ ಹದಿನಾಲ್ಕು ದಿನ ಬೆಳೆದವು, ಏನೂ ಅರಿಯದೆ.
ಹದಿನೈದನೆಯ ದಿನ ತೂಕದ ಯಂತ್ರದ ಪರದೆಯಲ್ಲಿ
ಶಿಖರ ಎಡಕ್ಕೆ ಸರಿದಿತ್ತು: ನೂರ ನಲವತ್ತಾರು.
ಹರಾಗುಚಿ ಸಾನ್ ಚಹಾದ ಬಟ್ಟಲು ಕೆಳಗಿಟ್ಟು
"ಇನ್ನೊಮ್ಮೆ ನೋಡು" ಎಂದರು.
ಇನ್ನೊಮ್ಮೆ. ನೂರ ನಲವತ್ತಾರು.
ಒಂದು ಫ್ಯೂಕೋಸಿನ ತೂಕ, ಇಲ್ಲದಿರುವುದರ ತೂಕ.

ಅಮ್ಮನ ಕಾಯಿಲೆ ಬಂದದ್ದು ಅಜ್ಜಿಯ ಹಾಲಿನಲ್ಲಿ.
ಅರವತ್ತು ವರ್ಷ ರಕ್ತದಲ್ಲಿ ಸುಮ್ಮನೆ ಕೂತಿದ್ದ ವೈರಸ್
ಹೋದ ಚಳಿಗಾಲ ಕತ್ತಿನಲ್ಲಿ ಗಂಟಾಗಿ ಎದ್ದಿತು.
ನನ್ನಲ್ಲೂ ಇದೆ. ಬಸುರಿಯಾಗಿದ್ದಾಗ ಚೀಟಿಯಲ್ಲಿ ಬರೆದು ಕೊಟ್ಟರು.
ಎದೆ ಬಿಗಿದು ಅಂಗಿ ಒದ್ದೆಯಾದರೂ
ಕಾನಾಮೆಗೆ ಬಾಟಲಿಯನ್ನೇ ಕೊಟ್ಟೆ,
ಚಮಚದ ತಲೆ ಸವರಿ, ಗೆರೆಗೆ ಗೆರೆ ಕೂಡಿಸಿ,
ಕೊಸರಿಲ್ಲದೆ.
ಅವನು ನಿದ್ದೆಗಣ್ಣಲ್ಲಿ ನನ್ನ ಕಡೆ ತಿರುಗಿ ಬಾಯಿ ತಡಕಾಡಿದ್ದು
ಯಾವ ಪರದೆಯ ಮೇಲೂ ಮೂಡಿಲ್ಲ.

ನಾಲ್ಕನೆಯ ಡ್ರಿಪ್ಪಿಗೆ ಅಮ್ಮನ ಗಂಟು ಕರಗಿತು,
ಐದನೆಯದಕ್ಕೆ ಮೈತುಂಬ ದದ್ದು.
"ಚಿಗುಸಾ, ಏನು ಹಾಕಿದ್ದೀಯೇ ಅದರಲ್ಲಿ?"
ಹಾಕಿಲ್ಲಮ್ಮ, ತೆಗೆದದ್ದು.
"ಹಾಗಾದರೆ ಒಂಚೂರು ವಾಪಸ್ ಹಾಕು"
ಎಂದು ನಗುತ್ತಾಳೆ, ಕೆರೆದುಕೊಳ್ಳುವ ಸದ್ದು ಫೋನಿನಲ್ಲಿ,
ಅದರ ಹಿಂದೆ ಪೀಪಾಯಿ ಕುದಿಯುವ ಸದ್ದು.
"ಇರಲಿ. ನಿನ್ನ ಪಾಲು ಒಣಗಿಸಿ ಕಟ್ಟಿಟ್ಟಿದ್ದೇನೆ.
ಒಂದು ಹಿಡಿ ಹೆಚ್ಚೇ ಇದೆ."