ತಮ್ತಾಳ ಕಿವಿ

ಎಲಿಯಾವ ಸಂತೆಯಲ್ಲಿ, ತುಕ್ಕು ನಲ್ಲಿಗಳ ರಾಶಿ ಪಕ್ಕ,
ನಲವತ್ತು ಲಾರಿ ಎಣಿಸಿ ಕೊಟ್ಟು ಕೊಂಡ ಜೋಡಿ ಇದು.
ಬಲದ್ದಕ್ಕೆ ಗೀರು. ಎಡದ್ದರ ಜಾಲರಿಯಲ್ಲಿ ಯಾರದೋ ಗುಗ್ಗೆ.
ಹಿಟ್ಟಿನ ಕೈ ಒರೆಸಿಕೊಂಡು ಫೋನು ತೆರೆದರೆ
ಬ್ಲೂಟೂತ್ ಪಟ್ಟಿಯಲ್ಲಿ ಹೆಸರು ಹಾಗೇ ಕೂತಿತ್ತು:
ತಮ್ತಾಳ ಕಿವಿ.
ಬದಲಿಸಬಹುದಿತ್ತು. ಬದಲಿಸಲಿಲ್ಲ.

ನಾನು ಗೋಚಾ, ರೊಟ್ಟಿಯವನು.
ಬೆಳಗಿನ ಮೂರಕ್ಕೆ, ಬಾವಿಯಂಥ ಒಲೆಯೊಳಗೆ
ಸೊಂಟದ ತನಕ ಬಗ್ಗಿ, ಕಾದ ಗೋಡೆಗೆ ಹಿಟ್ಟು ಬಡಿಯುವವನು.
ಬಗ್ಗಿದಾಗ ಎಡಗಿವಿ ಸಾಯುತ್ತಿತ್ತು, ಎದ್ದರೆ ಬದುಕುತ್ತಿತ್ತು.
ಹಿಂಜೇಬಿನ ಫೋನಿಗೂ ಕಿವಿಗೂ ನಡುವೆ
ನನ್ನದೇ ಮೈ ಅಡ್ಡ.
ಅರ್ಧ ಹಾಡು ನನಗೆ, ಅರ್ಧ ಒಲೆಗೆ.
ಇರಲಿ ಬಿಡು, ಒಲೆಗೂ ಬೇಸರ ಬರುತ್ತದೆ.

ನನ್ನ ರಾತ್ರಿ ಸಂಜೆ ಏಳಕ್ಕೇ ಶುರು.
ಗ್ಲದಾನಿಯ ಒಂಬತ್ತು ಮಹಡಿಯ ಗೂಡು,
ನಾಲ್ಕನೆಯದರಲ್ಲಿ ನನ್ನ ಮಂಚ.
ಕಣ್ಣು ಮುಚ್ಚುವಷ್ಟರಲ್ಲಿ ಹಾಡು ಕತ್ತರಿಸಿ, ಟಿಂಗ್,
ಹೆಂಗಸಿನ ದನಿಯೊಂದು, ಇಸ್ತ್ರಿ ಮಾಡಿದ ಜರ್ಮನ್:
ವೋ ಟೂಟ್ ಎಸ್ ವೇ?
ಆಮೇಲೆ ನಮ್ಮ ಮಾತಲ್ಲಿ: ಎಲ್ಲಿ ನೋಯುತ್ತಿದೆ?
ಆಮೇಲೆ ನಾಲ್ಕು ಸೆಕೆಂಡು ಖಾಲಿ,
ಕಲಿಯುವವರು ಹೇಳಿಕೊಳ್ಳಲೆಂದು ಬಿಟ್ಟ ಜಾಗ.

ಗೋಡೆಗೂ ಕಿವಿ ಅನ್ನುತ್ತಾರಲ್ಲ,
ನನ್ನ ಕಿವಿಗೆ ಗೋಡೆಯೇ ಇರಲಿಲ್ಲ.
ಹಳೆಯ ಒಡತಿಯ ಫೋನು ಹತ್ತಿರ ಬಂದದ್ದೇ ತಡ
ಈ ಎರಡು ಕಾಳು ಕರು ಬಿಚ್ಚಿದಂತೆ ಓಡುತ್ತಿದ್ದವು.
ಸಂತೆಯೆಲ್ಲ ಸುತ್ತಿ ಬಂದು ಸೇರಿದ್ದು
ಅವಳ ಕೆಳಗಿನ ಮನೆಗೇ.

ನಾನು ತಡೆಯಲಿಲ್ಲ. ಸುಳ್ಳು ಯಾಕೆ.
ವೋ ಟೂಟ್ ಎಸ್ ವೇ? ಮೊಣಕಾಲು, ಮೇಡಂ.
ಹೆಗಲು. ಈ ಬೆರಳಿನ ಹಳೇ ಸುಟ್ಟಗಾಯ.
ನಾಲ್ಕು ಸೆಕೆಂಡಿಗೆ ಒಂದು ನೋವಿನ ಲೆಕ್ಕದಲ್ಲಿ
ಮೂರು ವಾರ ಒಪ್ಪಿಸಿದೆ.
ಐವತ್ತೆರಡು ವರ್ಷದಲ್ಲಿ ಯಾರೂ ಇಷ್ಟು ಸಲ
ಇಷ್ಟು ತಾಳ್ಮೆಯಿಂದ ಕೇಳಿರಲಿಲ್ಲ.

ಮೇಲೆ ಚಪ್ಪಲಿ ಧಡಧಡ ಓಡಾಡುತ್ತಿತ್ತು.
ಬಾಗಿಲು ಬಡಿತ, ಒಂದು ಬೈಗುಳ.
ಇನ್ಯಾವುದೋ ಜಗಳ ಅಂದುಕೊಂಡಿದ್ದೆ.
ಒಂದು ರಾತ್ರಿ ಕಿಟಕಿ ತೆರೆದಿತ್ತು, ಕೇಳಿಸಿತು:
ಮತ್ತೆ ದನಿಯಿಲ್ಲ ಅಮ್ಮಾ, ಫೋನು ಮೂಕವಾಗಿದೆ,
ಪರೀಕ್ಷೆ ಹದಿನಾಲ್ಕಕ್ಕೆ.

ಆಗ ತಲೆಗೆ ಹೋಯಿತು.
ನನ್ನ ಕಿವಿಗೆ ಬಿದ್ದಷ್ಟೂ
ಅವಳಿಗೆ ಸೊನ್ನೆ.

ತಿಂಗಳಿಂದ ಪರದೆಯ ಮೂಲೆಯಲ್ಲಿ ಕೆಂಪು ಚುಕ್ಕೆ:
ಹೊಸ ಆವೃತ್ತಿ ಬಂದಿದೆ, ಹಳೆಯ ಸಾಧನಗಳಿಗೆ
ತಾನಾಗಿ ಜೋಡಿಯಾಗುವ ದೋಷ ಸರಿಪಡಿಸಲಾಗಿದೆ.
ನಂತರ, ನಂತರ, ನಂತರ ಎಂದು ಒತ್ತುತ್ತಲೇ ಬಂದಿದ್ದೆ.
ಅವತ್ತು ಎರಡನ್ನೂ ಡಬ್ಬಿಯಲ್ಲಿ ಮಲಗಿಸಿ
ಈಗಲೇ ಎಂಬುದನ್ನು ಒತ್ತಿದೆ.
ಮುಚ್ಚಳ ಮುಚ್ಚಬೇಡಿ, ದೂರ ಹೋಗಬೇಡಿ, ಅಂದಿತು.
ಎಲ್ಲಿಗೆ ಹೋಗಲಿ.
ಅರವತ್ತೆಂಟರಲ್ಲಿ ನಿಂತಿತು. ನಿಂತೇ ಇತ್ತು.
ನಿಂತೇ ಹೋಗಲಿ ಅಂತ ಒಳಗೊಬ್ಬ ಹಾರೈಸಿದ. ಅವನೂ ನಾನೇ.
ಆಮೇಲೆ ನೂರು.

ಪಟ್ಟಿಯಲ್ಲಿ ಈಗ ತಮ್ತಾ ಇಲ್ಲ. ಟಿ-ಹದಿನೇಳು ಅಂತಿದೆ.
ಬಗ್ಗಿದರೂ ಎಡದ್ದು ಸಾಯುವುದಿಲ್ಲ,
ಇಡೀ ಹಾಡು ಒಲೆಯೊಳಕ್ಕೂ ಬರುತ್ತದೆ.
ಅದೇ ಹಾಡು, ಎಷ್ಟು ಉದ್ದ ಇದೆ ಗೊತ್ತೇ ಇರಲಿಲ್ಲ.
ಸಂಜೆ ಕಿವಿ ಬರಿದು ಮಾಡಿ ಮಲಗಿದರೆ
ಚಾವಣಿಯಿಂದ ತೆಳ್ಳಗೆ ಪಾಠದ ದನಿ,
ಅದರ ಹಿಂದೆಯೇ ಅವಳದ್ದು,
ನಾಲ್ಕು ಸೆಕೆಂಡಿನೊಳಗೆ ಓಡೋಡಿ ಬರುವ ದನಿ.

ನಿನ್ನೆ ಲಿಫ್ಟಿನಲ್ಲಿ ಸಿಕ್ಕಳು. ತೋಳಲ್ಲಿ ಫೈಲು,
ತುಟಿಯಲ್ಲಿ ಏನೋ ಉರು ಹೊಡೆಯುತ್ತ.
ಹತ್ತು ತೇತ್ರಿಯ ನಾಣ್ಯ ಡಬ್ಬಿಗೆ ಹಾಕಿ
ಎಷ್ಟನೇದು, ಅಂದಳು.
ಮೊಣಕಾಲು ಎಂಬ ಜರ್ಮನ್ ಶಬ್ದ
ನಾಲಗೆ ತುದಿಗೆ ಬಂದು ನಿಂತಿತ್ತು.

ನಾಲ್ಕು, ಅಂದೆ.
ಕಂಕುಳಿನ ಬಿಸಿ ರೊಟ್ಟಿಯಲ್ಲಿ ಒಂದನ್ನು ಕೊಟ್ಟೆ.